ಡೆಂಗಿ ಪತ್ತೆಗೆ ಬೆರಳಗಲದ ಸ್ಟ್ರಿಪ್: ಕಟ್ಟುವುದು ಹೇಗೆ, ನಂಬುವುದು ಎಷ್ಟು?

ಡೆಂಗಿ ಪರೀಕ್ಷೆಗೆ ಈಗ ಇರುವುದು ಮುಖ್ಯವಾಗಿ ಎರಡು ದಾರಿ. ಒಂದು, ಕ್ಲಿನಿಕ್‌ನಲ್ಲೇ ಹದಿನೈದಿಪ್ಪತ್ತು ನಿಮಿಷದಲ್ಲಿ ಗೆರೆ ತೋರಿಸುವ ಕಾರ್ಡ್. ಇನ್ನೊಂದು, ಲ್ಯಾಬ್‌ನಲ್ಲಿ 96 ಗುಳಿಗಳ ಪ್ಲೇಟಿನ ಮೇಲೆ ಗಂಟೆಗಟ್ಟಲೆ ನಡೆಯುವ ಎಲೈಸಾ. 2024ರಲ್ಲಿ ರಾಜ್ಯದಲ್ಲಿ ಡೆಂಗಿ ಹೆಚ್ಚಿದಾಗ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ದರ ನಿಗದಿ ಮಾಡಿತು. ಕಾರ್ಡ್‌ಗೆ 250 ರೂಪಾಯಿ, ವೈರಸ್ಸಿನ ಎನ್‌ಎಸ್‌1 ಎಂಬ ಪ್ರೊಟೀನ್ ಹುಡುಕುವ ಎಲೈಸಾಗೆ 300. ಬೆಲೆಯಲ್ಲಿ ಅಂಥ ವ್ಯತ್ಯಾಸವಿಲ್ಲ, ಇರುವುದು ಕಾಯುವುದರಲ್ಲಿ. ಕಾರ್ಡ್ ಬೇಗ ಹೇಳುತ್ತದೆ, ಆದರೆ ಗೆರೆ ಮಸುಕಾಗಿ ಬಂದರೆ ಫಲಿತಾಂಶ ನೋಡುವವರ ಕಣ್ಣಿಗೆ ಬಿಟ್ಟದ್ದು. ಎಲೈಸಾ ನಂಬಿಕಸ್ತ, ಡೆಂಗಿ ಖಚಿತ ಎನ್ನಲು ಸರ್ಕಾರಿ ಲೆಕ್ಕಕ್ಕೂ ಅದೇ ಬೇಕು. ಆದರೆ ಒಂದೆರಡು ಸ್ಯಾಂಪಲ್‌ಗೆಂದು ಇಡೀ ಪ್ಲೇಟ್ ತೆಗೆಯುವುದು ಯಾವ ಲ್ಯಾಬ್‌ಗೂ ಗಿಟ್ಟುವುದಿಲ್ಲ. ತಾಲ್ಲೂಕಿನಿಂದ ಹೋದ ರಕ್ತ ಜೊತೆಗಾರರಿಗಾಗಿ ಕಾಯುತ್ತ ಕೂರುತ್ತದೆ.

ಇವೆರಡರ ನಡುವೆ ಜಾಗ ಹುಡುಕುತ್ತಿರುವುದು ಎಲೆಕ್ಟ್ರೋಕೆಮಿಕಲ್ ಸೆನ್ಸರ್. ರಕ್ತದ ಹನಿ ಬಿದ್ದಾಗ ಗೆರೆಯ ಬದಲು ವಿದ್ಯುತ್ತಿನ ಲೆಕ್ಕ ಕೊಡುವ ಸ್ಟ್ರಿಪ್ ಇದು. ಇದರ ಹಿರಿಯಣ್ಣ ನಮ್ಮ ಮನೆಗಳಲ್ಲೇ ಇದೆ: ಶುಗರ್ ನೋಡುವ ಗ್ಲುಕೋಮೀಟರ್. ಅದರ ಮೂಲ ತತ್ವವನ್ನು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲೇ ಮುಂದಿಟ್ಟರು. ಪೆನ್ನಿನಷ್ಟು ಗಾತ್ರದ ಯಂತ್ರ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಹಾಗಾದರೆ ವೈರಸ್‌ಗೆ ಇಷ್ಟು ತಡವೇಕೆ? ಒಂದು ಲೆಕ್ಕ ಮಾಡಿ ನೋಡಿ. ರಕ್ತದಲ್ಲಿ ಸಕ್ಕರೆ ಇರುವುದು ಲೀಟರಿಗೆ ಸುಮಾರು 5 ಮಿಲಿಮೋಲ್. ಡೆಂಗಿ ವೈರಸ್ ರಕ್ತಕ್ಕೆ ಬಿಡುವ ಎನ್‌ಎಸ್‌1 ಪ್ರೊಟೀನ್ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಇದೆ ಎಂದುಕೊಂಡರೂ, ಅಣುಗಳ ಎಣಿಕೆಯಲ್ಲಿ ಅದು ಸಕ್ಕರೆಗಿಂತ ಒಂದೂವರೆ ಕೋಟಿ ಪಟ್ಟು ಕಡಿಮೆ.

ಇಷ್ಟು ವಿರಳವಾದುದನ್ನು ಹಿಡಿಯುವ ಸ್ಟ್ರಿಪ್ಪನ್ನು ಕಾಲೇಜು ಲ್ಯಾಬ್‌ನಲ್ಲಿ ಕಟ್ಟಬಹುದು ಎಂದರೆ ಅನೇಕರು ನಂಬುವುದಿಲ್ಲ. ಎಂ.ಎಸ್ಸಿ ಅಥವಾ ಎಂಜಿನಿಯರಿಂಗ್ ಪ್ರಾಜೆಕ್ಟ್‌ಗೆ ಇದು ಒಳ್ಳೆಯ ವಿಷಯ. ಆದರೆ ರೋಗಿಯ ರಕ್ತದಿಂದ ಶುರು ಮಾಡಬೇಡಿ. ಪ್ರಯೋಗಾಲಯದಲ್ಲಿ ತಯಾರಿಸಿದ ಶುದ್ಧ ಎನ್‌ಎಸ್‌1 ಪ್ರೊಟೀನ್ ಕೊಳ್ಳಲು ಸಿಗುತ್ತದೆ. ಅದರಿಂದ ಸೋಂಕು ತಗಲುವುದಿಲ್ಲ. ಆಸ್ಪತ್ರೆಯ ಸೀರಮ್, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ, ಮುಟ್ಟುವ ಹೊತ್ತಿಗೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಕೈಯಲ್ಲಿರಬೇಕು.

ಹೆಜ್ಜೆ 1: ಸ್ಟ್ರಿಪ್ ಆರಿಸಿ, ತೊಳೆಯಿರಿ

ಸ್ಕ್ರೀನ್ ಪ್ರಿಂಟಿಂಗ್‌ನಿಂದ ಮಾಡಿದ ಸ್ಟ್ರಿಪ್ ಸಾಕು. ಮದುವೆ ಕಾರ್ಡ್ ಅಚ್ಚು ಹಾಕುವ ವಿಧಾನವೇ. ಶಾಯಿ ಮಾತ್ರ ಚಿನ್ನ, ಕಾರ್ಬನ್, ಬೆಳ್ಳಿಯದ್ದು. ಒಂದು ತುದಿಯಲ್ಲಿ ಮೂರು ಎಲೆಕ್ಟ್ರೋಡ್ ಇರುತ್ತವೆ: ನಡುವಿನ ದುಂಡನೆಯದು ಕೆಲಸ ಮಾಡುವುದು, ಸುತ್ತಲಿನದು ಕರೆಂಟ್ ಒಯ್ಯುವುದು, ಪಕ್ಕದ ಚಿಕ್ಕ ಬೆಳ್ಳಿ ಗೆರೆ ವೋಲ್ಟೇಜಿಗೆ ಅಳತೆಗೋಲು. ನಡುವಿನದು ಚಿನ್ನದ್ದಾಗಿರಲಿ. ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ವೋಲ್ಟೇಜನ್ನು ಕೆಲವು ಸಲ ಏರಿಸಿ ಇಳಿಸಿ ಚಿನ್ನದ ಮೇಲ್ಮೈಯನ್ನು ಶುಚಿ ಮಾಡಿ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿ, ನಿಜಕ್ಕೂ ಚೆನ್ನಾಗಿ, ತೊಳೆಯಿರಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಐದನೇ ಹೆಜ್ಜೆಯಲ್ಲಿದೆ.

ಹೆಜ್ಜೆ 2: ಕೊಂಡಿ ಹಾಕಿ

ಚಿನ್ನಕ್ಕೂ ಗಂಧಕಕ್ಕೂ ಬಲವಾದ ನಂಟು. ಒಂದು ತುದಿಯಲ್ಲಿ ಗಂಧಕ, ಇನ್ನೊಂದು ತುದಿಯಲ್ಲಿ ಆಮ್ಲದ ಗುಂಪು ಇರುವ ಮರ್ಕ್ಯಾಪ್ಟೊಪ್ರೊಪಿಯಾನಿಕ್ ಆಮ್ಲವನ್ನು, ಎನ್‌ಎಸ್‌1 ಹಿಡಿಯುವ ಅಣುವನ್ನು ಚಿನ್ನಕ್ಕೆ ಕಟ್ಟುವ ಕೊಂಡಿಯಾಗಿ ಬಳಸುತ್ತಾರೆ. ಬಾಟಲಿ ಮುಚ್ಚಳ ತೆಗೆದರೆ ಇಡೀ ಕಾರಿಡಾರ್ ಮೂಗು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ. ಆಲ್ಕೋಹಾಲ್ ಬೇಡ, ನೀರಿನಲ್ಲೇ ಕರಗಿಸಿ. ಆಲ್ಕೋಹಾಲ್ ಹನಿ ಹರಡಿ ಬೆಳ್ಳಿ ಗೆರೆಯನ್ನೂ ನೆನೆಸಿಬಿಡುತ್ತದೆ. ನಡುವಿನ ಚಿನ್ನದ ಮೇಲೆ ಮಾತ್ರ ಕೆಲವು ಮೈಕ್ರೊಲೀಟರ್ ಹಾಕಿ. ಒದ್ದೆ ಟಿಶ್ಯೂ ಇಟ್ಟ ಪೆಟ್ರಿ ಡಿಶ್ಶಿನಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಒದ್ದೆ ಟಿಶ್ಯೂ ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಹನಿ ಒಣಗಿ ಅಂಚಿನಲ್ಲಿ ಉಂಗುರದ ಕಲೆ ಉಳಿದಿರುತ್ತದೆ. ಆ ಸ್ಟ್ರಿಪ್ ಕಸಕ್ಕೆ.

ಹೆಜ್ಜೆ 3: ಆ್ಯಂಟಿಬಾಡಿ ಕೂರಿಸಿ

ಎನ್‌ಎಸ್‌1 ಅನ್ನು ಗುರುತಿಸಿ ಹಿಡಿಯುವುದು ಆ್ಯಂಟಿಬಾಡಿ. ಅದನ್ನು ಕೊಂಡಿಗೆ ಬೆಸೆಯಲು ಇಡಿಸಿ ಮತ್ತು ಎನ್‌ಎಚ್‌ಎಸ್ ಎಂಬ ಎರಡು ರಾಸಾಯನಿಕಗಳ ಮಿಶ್ರಣ ಅರ್ಧ ಗಂಟೆ ಬೇಕು. ಇಡಿಸಿ ನೀರಿಗೆ ಬಿದ್ದ ಕ್ಷಣದಿಂದ ಸಾಯುತ್ತಾ ಹೋಗುತ್ತದೆ, ನಿನ್ನೆ ಕಲಸಿಟ್ಟದ್ದು ಇವತ್ತು ಬರೀ ನೀರು. ಆ್ಯಂಟಿಬಾಡಿಯನ್ನು ಕರಗಿಸಲು ಬಫರ್, ಅಂದರೆ ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣ, ಬೇಕು. ಟ್ರಿಸ್ ಬಫರ್ ಬೇಡವೇ ಬೇಡ, ಫಾಸ್ಫೇಟ್ ಬಫರ್ ಬಳಸಿ. ಟ್ರಿಸ್‌ನಲ್ಲಿರುವ ಅಮೈನ್ ಗುಂಪುಗಳೇ ಮುನ್ನುಗ್ಗಿ ಕೊಂಡಿಗಳಿಗೆ ಅಂಟಿಕೊಂಡುಬಿಡುತ್ತವೆ. ಕೋಣೆಯ ಶಾಖದಲ್ಲಿ ಒಂದು ಗಂಟೆ, ಇಲ್ಲವೇ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು, ಬಫರ್‌ನಿಂದ ತೊಳೆಯಿರಿ.

ಹೆಜ್ಜೆ 4: ಖಾಲಿ ಜಾಗ ಮುಚ್ಚಿ

ಈಗ ಬೊವೈನ್ ಸೀರಮ್ ಆಲ್ಬುಮಿನ್, ಲ್ಯಾಬ್ ಭಾಷೆಯಲ್ಲಿ ಬಿಎಸ್‌ಎ, ಶೇಕಡ 1ರ ದ್ರಾವಣ ಅರ್ಧ ಗಂಟೆ. ರಶ್ ಬಸ್ಸಿನಲ್ಲಿ ಕಿಟಕಿಯಿಂದಲೇ ಸೀಟಿಗೆ ಟವೆಲ್ ಎಸೆಯುತ್ತಾರಲ್ಲ, ಅದೇ ಉಪಾಯ. ಆ್ಯಂಟಿಬಾಡಿ ಕೂರದೆ ಉಳಿದ ಜಾಗವನ್ನು ಬಿಎಸ್‌ಎ ಹಿಡಿದಿಟ್ಟರೆ ರಕ್ತದಲ್ಲಿನ ಸಂಬಂಧವಿಲ್ಲದ ಪ್ರೊಟೀನ್‌ಗಳಿಗೆ ಕೂರಲು ಜಾಗ ಸಿಗುವುದಿಲ್ಲ. ಈ ಹೆಜ್ಜೆ ಬಿಟ್ಟರೆ ಆರೋಗ್ಯವಂತರಿಗೂ ಡೆಂಗಿ ಬರುತ್ತದೆ, ಸ್ಟ್ರಿಪ್ಪಿನ ಪ್ರಕಾರ.

ಹೆಜ್ಜೆ 5: ಅಳೆಯಿರಿ

ಪೊಟ್ಯಾಶಿಯಂ ಫೆರಿಸಯನೈಡ್ ಮತ್ತು ಫೆರೋಸಯನೈಡ್, ತಲಾ 5 ಮಿಲಿಮೋಲಾರ್, ಫಾಸ್ಫೇಟ್ ಬಫರ್‌ನಲ್ಲಿ ಕರಗಿದ ತಿಳಿ ಹಳದಿ ದ್ರಾವಣ. ಮೂರೂ ಎಲೆಕ್ಟ್ರೋಡ್ ಮುಳುಗುವಷ್ಟು ಹನಿ ಹಾಕಿ ವೋಲ್ಟೇಜನ್ನು ಸುಮಾರು −0.2ರಿಂದ +0.6 ವೋಲ್ಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರೆ ಪರದೆಯ ಮೇಲೆ ಗುಡ್ಡದಾಕಾರದ ರೇಖೆ ಬರುತ್ತದೆ. ಇದು ಸ್ಕ್ವೇರ್ ವೇವ್ ವಿಧಾನ. ಗುಡ್ಡದ ಎತ್ತರ ಬರೆದಿಟ್ಟುಕೊಳ್ಳಿ. ತೊಳೆದು, ಸ್ಯಾಂಪಲ್ ಹಾಕಿ ಇಪ್ಪತ್ತು ನಿಮಿಷ ಬಿಟ್ಟು, ಮತ್ತೆ ತೊಳೆದು ಇನ್ನೊಮ್ಮೆ ಅಳೆಯಿರಿ. ಎನ್‌ಎಸ್‌1 ಬಂದು ಕೂತಿದ್ದರೆ ಹಳದಿ ಅಯಾನುಗಳಿಗೆ ಚಿನ್ನ ಮುಟ್ಟಲು ಅಡ್ಡಿಯಾಗಿ ಗುಡ್ಡ ಕುಗ್ಗಿರುತ್ತದೆ. ಎಷ್ಟು ಕುಗ್ಗಿತು ಎಂಬುದೇ ಉತ್ತರ.

ಎರಡು ಎಚ್ಚರಿಕೆ. ಈ ದ್ರಾವಣ ಹಾಗೆ ನೋಡಿದರೆ ಅಪಾಯಕಾರಿಯಲ್ಲ, ಆದರೆ ಬಲವಾದ ಆಮ್ಲ ತಾಗಿದರೆ ಹೈಡ್ರೋಜನ್ ಸಯನೈಡ್ ವಿಷಾನಿಲ ಹೊಮ್ಮಬಹುದು. ಮೊದಲ ಹೆಜ್ಜೆಯ ಆಮ್ಲದ ತ್ಯಾಜ್ಯವನ್ನೂ ಇದನ್ನೂ ಒಂದೇ ಬಾಟಲಿಗೆ ಸುರಿಯಬಾರದು. ಎರಡನೆಯದು, ಬೆಳಕಿಗೆ ಬಿಟ್ಟರೆ ದ್ರಾವಣ ನಿಧಾನವಾಗಿ ಸಯನೈಡ್ ಬಿಡುತ್ತದೆ, ಅದು ಚಿನ್ನವನ್ನೇ ಕೊರೆಯುತ್ತದೆ. ಕಂದು ಬಾಟಲಿಯಲ್ಲಿಟ್ಟು ಆಯಾ ದಿನವೇ ತಯಾರಿಸಿ.

ಅಳೆಯುವ ಯಂತ್ರದ ಹೆಸರು ಪೊಟೆನ್ಶಿಯೊಸ್ಟಾಟ್. ಲಕ್ಷಗಟ್ಟಲೆ ಬೆಲೆಯದೇ ಬೇಕೆಂದಿಲ್ಲ. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 80 ಡಾಲರ್ ಒಳಗೆ ಕಟ್ಟಬಹುದಾದ ‘ಚೀಪ್‌ಸ್ಟಾಟ್’ ವಿನ್ಯಾಸವನ್ನು 2011ರಲ್ಲೇ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅಂಗೈಯಲ್ಲಿ ಹಿಡಿಯುತ್ತದೆ, ಸ್ಕ್ವೇರ್ ವೇವ್ ಕೂಡ ಮಾಡುತ್ತದೆ.

ಹೆಜ್ಜೆ 6: ಅಂಕಿಗೆ ಅರ್ಥ ಕೊಡಿ

ಇಲ್ಲಿಯವರೆಗಿನದು ಕೈಚಳಕ. ಬಹಳಷ್ಟು ಪ್ರಾಜೆಕ್ಟ್ ವರದಿಗಳು ಐದನೇ ಹೆಜ್ಜೆಯಲ್ಲೇ ಚಪ್ಪಾಳೆ ತಟ್ಟಿಸಿಕೊಂಡು ಮುಗಿಯುತ್ತವೆ. ನನ್ನ ಮಟ್ಟಿಗೆ ಕೆಲಸ ಶುರುವಾಗುವುದೇ ಇಲ್ಲಿಂದ.

ಮೊದಲು, ಎನ್‌ಎಸ್‌1 ಇಲ್ಲದ ಸ್ಯಾಂಪಲ್ಲನ್ನು ಕನಿಷ್ಠ ಹತ್ತು ಸ್ಟ್ರಿಪ್ ಮೇಲೆ ನೋಡಿ. ಏನೂ ಇಲ್ಲದೆಯೂ ಗುಡ್ಡ ಒಂದಿಷ್ಟು ಕುಗ್ಗಿಯೇ ತೀರುತ್ತದೆ. ಆ ಹತ್ತರ ಸರಾಸರಿಗೆ ಅವುಗಳ ಸ್ಟ್ಯಾಂಡರ್ಡ್ ಡಿವಿಯೇಶನ್ನಿನ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಮೂರು ಪಟ್ಟು ಸೇರಿಸಿ. ಅದಕ್ಕಿಂತ ಹೆಚ್ಚು ಕುಗ್ಗಿದರೆ ಮಾತ್ರ ‘ಸಿಕ್ಕಿತು’ ಎನ್ನುವ ಹಕ್ಕು. ಆಮೇಲೆ ಮಿಲಿಲೀಟರಿಗೆ 1, 10, 100, 1000 ನ್ಯಾನೊಗ್ರಾಂ ಎಂದು ಹತ್ತರ ಪಟ್ಟಿನಲ್ಲಿ ಪ್ರಮಾಣ ಏರಿಸುತ್ತ ರೇಖೆ ಎಳೆಯಿರಿ. ಇದೆಲ್ಲ ಬಫರ್‌ನಲ್ಲಲ್ಲ, ಬಫರ್ ಬೆರೆಸಿ ತೆಳುಮಾಡಿದ ಸೀರಮ್‌ನಲ್ಲಿ. ಬಫರ್‌ನಲ್ಲಿ ಮುದ್ದಾಗಿ ಬಂದ ರೇಖೆ ಸೀರಮ್‌ನಲ್ಲಿ ಮುರಿದುಬೀಳುವುದು ಮಾಮೂಲು. ಇನ್ನೊಂದು ಸ್ಟ್ರಿಪ್‌ಗೆ ಡೆಂಗಿಗೆ ಸಂಬಂಧವೇ ಇಲ್ಲದ ಆ್ಯಂಟಿಬಾಡಿ ಕೂರಿಸಿ ಅದೇ ಸ್ಯಾಂಪಲ್ ಹಾಕಿ. ಅಲ್ಲೂ ಗುಡ್ಡ ಅಷ್ಟೇ ಕುಗ್ಗಿದರೆ ನೀವು ಅಳೆದದ್ದು ಎನ್‌ಎಸ್‌1 ಅಲ್ಲ, ಕೊಳೆ.

ಹೊರಗೆ ಒಯ್ಯುವ ಯಂತ್ರಕ್ಕೆ ಮತ್ತೊಂದು ಶತ್ರು ಬಿಸಿಲು. ಇಂಥ ಅಳತೆಯಲ್ಲಿ ಕರೆಂಟ್ ಪ್ರತಿ ಡಿಗ್ರಿಗೆ ಸುಮಾರು ಶೇಕಡ 2ರಷ್ಟು ಏರುತ್ತದೆ. ಎ.ಸಿ. ಹಾಕಿದ ಬೆಂಗಳೂರಿನ ಲ್ಯಾಬ್‌ನಲ್ಲಿ 22 ಡಿಗ್ರಿಯಲ್ಲಿ ರೇಖೆ ಎಳೆದು, ಏಪ್ರಿಲ್‌ನಲ್ಲಿ ಕಲಬುರಗಿಯ 40 ಡಿಗ್ರಿಯಲ್ಲಿ ಅಳೆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ವ್ಯತ್ಯಾಸ. ಕುಗ್ಗಿದ ಗುಡ್ಡವನ್ನು ಶಾಖ ಮತ್ತೆ ಎತ್ತಿ ನಿಲ್ಲಿಸಿ ‘ಡೆಂಗಿ ಇಲ್ಲ’ ಎನಿಸಿಬಿಡಬಹುದು. ಅದಕ್ಕೇ ಒಂದೇ ಸ್ಟ್ರಿಪ್ ಮೇಲೆ, ಒಂದೇ ಜಾಗದಲ್ಲಿ, ಸ್ಯಾಂಪಲ್‌ಗೆ ಮುಂಚೆ ಮತ್ತು ನಂತರ ಅಳೆದು ಅನುಪಾತ ತೆಗೆಯಬೇಕು. ಯಂತ್ರದೊಳಗೆ ಶಾಖ ಅಳೆಯುವ, ಹತ್ತಿಪ್ಪತ್ತು ರೂಪಾಯಿಯ ಥರ್ಮಿಸ್ಟರ್ ಇದ್ದರೆ ಇನ್ನೂ ಒಳ್ಳೆಯದು. ಕರಾವಳಿಯ ಮಳೆಗಾಲದ ತೇವಕ್ಕೆ ಬೇರೆ ಮದ್ದಿಲ್ಲ, ಸ್ಟ್ರಿಪ್ ಬಿಡಿಬಿಡಿಯಾಗಿ ಫಾಯಿಲ್ ಪೊಟ್ಟಣದಲ್ಲೇ ಇರಬೇಕು.

ಹೆಜ್ಜೆ 7: ಜ್ವರದ ದಿನ ಕೇಳಿ

ಎನ್‌ಎಸ್‌1 ಜ್ವರ ಬಂದ ಮೊದಲ ದಿನದಿಂದಲೇ ರಕ್ತದಲ್ಲಿ ಸಿಗುತ್ತದೆ, ವಾರ ಕಳೆಯುವ ಹೊತ್ತಿಗೆ ಕ್ಷೀಣಿಸುತ್ತದೆ. ಐದನೇ ದಿನದ ಆಸುಪಾಸಿನಿಂದ, ವೈರಸ್ ವಿರುದ್ಧ ರೋಗಿಯ ದೇಹವೇ ತಯಾರಿಸುವ ಐಜಿಎಂ ಎಂಬ ಆ್ಯಂಟಿಬಾಡಿ ಏರುತ್ತದೆ. ಇಷ್ಟು ಎಲ್ಲ ಲ್ಯಾಬ್ ಟೆಕ್ನೀಶಿಯನ್‌ಗಳಿಗೂ ಗೊತ್ತು. ಸೆನ್ಸರ್ ಕಟ್ಟುವವರು ಮರೆಯುವ ಸಂಗತಿ ಬೇರೆ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಹಿಂದೆ ಒಂದು ಬಗೆ ತಗಲಿದ್ದವರಿಗೆ ಇನ್ನೊಂದು ಬಗೆ ತಗಲಿದಾಗ, ಹಳೆಯ ಆ್ಯಂಟಿಬಾಡಿಗಳು ಎನ್‌ಎಸ್‌1 ಅನ್ನು ಸುತ್ತುವರಿದು ಮರೆಮಾಡುತ್ತವೆ. ಸ್ಟ್ರಿಪ್ ಮೇಲಿನ ಆ್ಯಂಟಿಬಾಡಿಗೆ ಹಿಡಿಯಲು ಜಾಗವೇ ಸಿಗುವುದಿಲ್ಲ. ಫಲಿತಾಂಶ ‘ನೆಗೆಟಿವ್’. ಕಾರ್ಡ್‌ಗೂ ಎಲೈಸಾಗೂ ಇದೇ ಕಷ್ಟ ಇದೆ. ಎರಡನೇ ಸಲದ ಡೆಂಗಿಯೇ ತೀವ್ರವಾಗುವ ಸಾಧ್ಯತೆ ಹೆಚ್ಚು ಎಂಬುದನ್ನು ನೆನೆದರೆ ಇದು ಸಣ್ಣ ದೋಷವಲ್ಲ. ಶುದ್ಧ ಪ್ರೊಟೀನ್ ಹಾಕಿ ಮಿಲಿಲೀಟರಿಗೆ 1 ನ್ಯಾನೊಗ್ರಾಂ ಹಿಡಿದೆ ಎಂದು ಬೀಗುವ ಸೆನ್ಸರ್ ಇಂಥ ರೋಗಿಯ ಮುಂದೆ ಕುರುಡು.

ಪರಿಹಾರವಾಗಿ ಕೆಲವರು ಸ್ಯಾಂಪಲ್ಲಿಗೆ ಆಮ್ಲ ಅಥವಾ ಬಿಸಿ ಕೊಟ್ಟು ಆ ಹಿಡಿತ ಬಿಡಿಸುತ್ತಾರೆ. ಹೊಲದ ಬದಿಯ ಉಪಕೇಂದ್ರದಲ್ಲಿ ಅದು ಆಗದ ಮಾತು. ನನಗೆ ಸರಿ ಕಾಣುವುದು ಒಂದೇ ಸ್ಟ್ರಿಪ್ಪಿನಲ್ಲಿ ಎರಡು ಕೆಲಸದ ಎಲೆಕ್ಟ್ರೋಡ್ ಇಡುವುದು: ಒಂದು ಎನ್‌ಎಸ್‌1ಗೆ, ಇನ್ನೊಂದು ಐಜಿಎಂ ಹಿಡಿಯುವುದಕ್ಕೆ. ವಿದ್ಯುತ್ತಿನಿಂದ ಆ್ಯಂಟಿಬಾಡಿ ಅಳೆಯುವುದು ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಪಾಥ್‌ಶೋಧ್ ಕಂಪನಿ 2021ರಲ್ಲಿ ಕೋವಿಡ್‌ನ ಐಜಿಎಂ, ಐಜಿಜಿ ಆ್ಯಂಟಿಬಾಡಿಗಳನ್ನು ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಅಳೆಯುವ ಪರೀಕ್ಷೆಯನ್ನು ಹೊರತಂದಿತು.

ಲ್ಯಾಬ್‌ನಲ್ಲಿ ಕಟ್ಟಿದ ಸ್ಟ್ರಿಪ್ಪಿನ ಫಲಿತಾಂಶವನ್ನು ಯಾವ ರೋಗಿಗೂ ಹೇಳುವಂತಿಲ್ಲ. ರೋಗ ಪತ್ತೆಯ ಕಿಟ್‌ಗಳಿಗೆ 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಪರವಾನಗಿ ಬೇಕು. ರಕ್ತ ಸೋಕಿದ ಸ್ಟ್ರಿಪ್ ಜೈವಿಕ ತ್ಯಾಜ್ಯ, ಚುಚ್ಚಿದ ಲ್ಯಾನ್ಸೆಟ್ ಗಟ್ಟಿ ಬಿಳಿ ಡಬ್ಬಕ್ಕೆ. ನೋಟ್‌ಬುಕ್‌ನಲ್ಲಿ ಪ್ರತಿ ಅಳತೆಯ ಪಕ್ಕದಲ್ಲೂ ಮೂರು ಸಂಗತಿ ಬರೆದಿಡಿ: ಕೋಣೆಯ ಶಾಖ, ಸ್ಟ್ರಿಪ್ ತಯಾರಾದ ದಿನ, ಸೀರಮ್ ಆಸ್ಪತ್ರೆಯದಾದರೆ ಅದು ಜ್ವರದ ಎಷ್ಟನೇ ದಿನದ್ದು ಎಂಬುದು.