ಗೆಸ್ಟ್ ಪ್ಲೇಯರಿಗೆ ಫೋನ್ ಮಾಡುವ ಮೊದಲು: ಕ್ಲಬ್ಬಿನ ಹುಡುಗರನ್ನ ಬೆಳೆಸುದು ಹೇಗೆ, ಹೊರಗಿಂದ ತರುದು ಯಾವಾಗ

ಫುಟ್‌ಬಾಲ್ ಟೂರ್ನಮೆಂಟಿಗೆ ಇನ್ನು ಹತ್ತು ದಿನ ಉಂಟು ಅನ್ನುವಾಗ ನಮ್ಮ ಮಂಗಳೂರು ಕಡೆ ಸುಮಾರು ಕ್ಲಬ್ಬಿನ ವಾಟ್ಸಾಪ್ ಗ್ರೂಪಲ್ಲಿ ಒಂದೇ ಮಾತು, ಕಾಸರಗೋಡು ಕಡೆಯಿಂದ ಒಳ್ಳೆ ಸ್ಟ್ರೈಕರ್ ಯಾರಾದ್ರೂ ಸಿಗ್ತಾನಾ, ಮ್ಯಾಚಿಗೆ ಎಷ್ಟು ಕೇಳ್ತಾನೆ ಅಂತ. ಒಂದು ವರ್ಷ ನಾವೂ ಹಾಗೇ ಮಾಡಿದ್ದು. ನಾಲ್ಕು ಜನ ಗೆಸ್ಟ್ ಪ್ಲೇಯರ್, ಅಂದ್ರೆ ಆ ಟೂರ್ನಮೆಂಟಿಗೆ ಮಾತ್ರ ದುಡ್ಡು ಕೊಟ್ಟು ಹೊರಗಿಂದ ಕರೆಸಿದವರು, ಸ್ಪಾನ್ಸರ್ ಕೊಟ್ಟ ದುಡ್ಡೆಲ್ಲ ಅವರ ಫೀಸು ರೂಮು ಊಟಕ್ಕೇ ಹೋಯ್ತು, ಕಪ್ಪೂ ಬಂತು. ಆದ್ರೆ ಆ ನಾಲ್ಕು ಜಾಗದಲ್ಲಿ ಆಡಬೇಕಿದ್ದ ನಮ್ಮ ಹುಡುಗರು ಇಡೀ ಟೂರ್ನಮೆಂಟ್ ಸೈಡಲ್ಲಿ ಕೂತಿದ್ರು, ಮುಂದಿನ ವರ್ಷ ಸ್ಪಾನ್ಸರ್ ಇಲ್ಲ, ಗೆಸ್ಟ್ ಇಲ್ಲ, ಆ ನಾಲ್ವರಲ್ಲಿ ಮೂವರು ಹುಡುಗರು ಆಟವೇ ಬಿಟ್ಟಿದ್ರು. ನನಗೆ ಅದು ಈಗ್ಲೂ ಬೇಜಾರು. ಅದಕ್ಕೇ ಇದನ್ನ ಬರೀತಾ ಇರುದು.

ಇದೇ ತಪ್ಪನ್ನ ದೊಡ್ಡ ಕ್ಲಬ್ಬಿನವರು ಕೋಟಿಗಟ್ಟಲೆ ದುಡ್ಡಲ್ಲಿ ಮಾಡಿದ್ದುಂಟು. ಸ್ಪೇನಿನ ಬಾರ್ಸಿಲೋನಾ ನೋಡಿ, 2012 ನವೆಂಬರಲ್ಲಿ ಲೆವಾಂತೆ ವಿರುದ್ಧದ ಮ್ಯಾಚಲ್ಲಿ ಡ್ಯಾನಿ ಆಲ್ವೆಸಿಗೆ ಗಾಯ ಆಗಿ ಮೊಂಟೋಯ ಒಳಗೆ ಬಂದಾಗ ಬಾರ್ಸಿಲೋನಾದ ಹನ್ನೊಂದಕ್ಕೆ ಹನ್ನೊಂದೂ ಜನ ಅವರದ್ದೇ ಅಕಾಡೆಮಿ ಲಾ ಮಾಸಿಯಾದ ಹುಡುಗರು. ಆಮೇಲೆ 2017ರಲ್ಲಿ ನೇಮಾರ್‌ನನ್ನ ಪ್ಯಾರಿಸಿನ ಪಿಎಸ್‌ಜಿ ಕ್ಲಬ್ 222 ಮಿಲಿಯನ್ ಯೂರೋ ಕೊಟ್ಟು ತಗೊಂಡು ಹೋಯ್ತು, ಆ ದುಡ್ಡು ಕೈಗೆ ಬಂದದ್ದೇ ಬಾರ್ಸಾ ಡೆಂಬೆಲೆ, ಕೌಟಿನ್ಯೊ ಅಂತ ಒಬ್ಬೊಬ್ಬರಿಗೂ ನೂರು ಮಿಲಿಯನ್ ಮೇಲೆ ಸುರಿದು ತಂತು, 2019ರಲ್ಲಿ ಗ್ರೀಜ್‌ಮನ್‌ಗೆ ಇನ್ನೊಂದು 120. ಕಡೆಗೆ 2021ರಲ್ಲಿ ಹದಿಮೂರನೇ ವಯಸ್ಸಿಂದ ಅವರೇ ಬೆಳೆಸಿದ ಮೆಸ್ಸಿಯ ಹೊಸ ಕಾಂಟ್ರ್ಯಾಕ್ಟನ್ನ ಲೀಗಿನ ಖರ್ಚಿನ ಮಿತಿಯಿಂದಾಗಿ ರಿಜಿಸ್ಟರ್ ಮಾಡ್ಲಿಕ್ಕೇ ಆಗದೆ ಕಳಿಸಿಕೊಡಬೇಕಾಯ್ತು. ಮತ್ತೆ ಕ್ಲಬ್ ಎದ್ದು ನಿಂತದ್ರಲ್ಲಿ ದೊಡ್ಡ ಪಾಲು ಮನೆಯ ಹುಡುಗರದ್ದೇ, ಲಮೀನ್ ಯಮಾಲ್‌ನನ್ನ 2023 ಏಪ್ರಿಲಲ್ಲಿ ಇಳಿಸುವಾಗ ಅವನಿಗೆ ಹದಿನಾರು ಕೂಡ ಆಗಿರ್ಲಿಲ್ಲ.

ಸರಿ, ನಾವು ಎಂತ ಮಾಡುದು? ಮೊದಲು ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಳ್ಳಿ. ಒಂದು ಪುಟದಲ್ಲಿ ಹನ್ನೊಂದು ಪೊಸಿಷನ್ ಬರೆದು ಪ್ರತಿಯೊಂದರ ಎದುರು ಈಗ ಆಡುವವ ಯಾರು, ಅವನ ವಯಸ್ಸೆಷ್ಟು, ಅವನ ಹಿಂದೆ ನಿಮ್ಮ ಅಂಡರ್ 17, ಅಂಡರ್ 15ರಲ್ಲಿ ಯಾರಿದ್ದಾರೆ ಅಂತ ಬರೀರಿ. ಬರೆದು ಮುಗಿಸಿದ ಮೇಲೆ ಯಾವ ಸಾಲು ಖಾಲಿ ಉಂಟೋ ಅದಕ್ಕೆ ಮಾತ್ರ ಹೊರಗಿನ ಪ್ಲೇಯರ್ ವಿಷಯ ಮಾತಾಡಿ, ಹುಡುಗ ಇರುವ ಸಾಲಿಗೆ ಬೇಡ. ಬೇರೆ ಎಲ್ಲ ಮರೆತ್ರೂ ಇದೊಂದನ್ನ ಮರೀಬೇಡಿ.

ಲಿವರ್‌ಪೂಲ್ ಮಾಡಿದ್ದು ಹಾಗೆ. ರೈಟ್ ಬ್ಯಾಕಲ್ಲಿ, ಅಂದ್ರೆ ಡಿಫೆನ್ಸಿನ ಬಲಬದಿಯಲ್ಲಿ, ಆರನೇ ವಯಸ್ಸಿಂದ ಅಲ್ಲೇ ಬೆಳೆದ ಅಲೆಕ್ಸಾಂಡರ್ ಆರ್ನಾಲ್ಡ್ ಇದ್ದ, ಅಲ್ಲಿ ಅವನೇ ಆಡಿದ. ಸೆಂಟರ್ ಬ್ಯಾಕಲ್ಲಿ, ಅಂದ್ರೆ ಡಿಫೆನ್ಸಿನ ನಡುವೆ, ತೂತು ಇತ್ತು, 2018 ಜನವರಿಯಲ್ಲಿ 75 ಮಿಲಿಯನ್ ಪೌಂಡ್ ಕೊಟ್ಟು ವ್ಯಾನ್ ಡೈಕ್‌ನನ್ನ ತಂದ್ರು, ಅದೇ ಬೇಸಿಗೆಯಲ್ಲಿ ಗೋಲಿಗೆ ಅಲಿಸನ್ ಬಂದ, 2019ರಲ್ಲಿ ಯುರೋಪಿನ ದೊಡ್ಡ ಕ್ಲಬ್ ಟೂರ್ನಮೆಂಟ್ ಚಾಂಪಿಯನ್ಸ್ ಲೀಗ್ ಗೆದ್ರು. ರಿಯಲ್ ಮ್ಯಾಡ್ರಿಡ್ 2003ರಲ್ಲಿ ಇದರ ಉಲ್ಟಾ ಮಾಡಿತು, ಸ್ಟಾರ್‌ಗಳು ತುಂಬಿದ್ದ ಟೀಮಿಗೆ ಬೆಕ್‌ಹ್ಯಾಮ್‌ನನ್ನ ತಂದು, ಮಿಡ್‌ಫೀಲ್ಡಲ್ಲಿ ಎಲ್ಲರ ಕೆಲಸ ಮಾಡ್ತಿದ್ದ ಮೆಕೆಲೆಲೆಯನ್ನ ಚೆಲ್ಸಿಗೆ ಮಾರಿತು, ಸ್ಪೇನಿನ ಲೀಗ್ ಲಾಲಿಗಾವನ್ನ ಮತ್ತೆ ಗೆಲ್ಲುವಾಗ 2007 ಆಗಿತ್ತು.

ಈಗ ಮಕ್ಕಳ ವಿಷಯ. ಎಂಟು ಹತ್ತು ವರ್ಷದ ಮಕ್ಕಳನ್ನ ದೊಡ್ಡ ಗ್ರೌಂಡಲ್ಲಿ ಹನ್ನೊಂದು ಹನ್ನೊಂದು ಮಾಡಿ ಬಿಡಬೇಡಿ, ಒಂದು ಗಂಟೆಯಲ್ಲಿ ಅರ್ಧ ಮಕ್ಕಳಿಗೆ ಬಾಲೇ ಸಿಗುದಿಲ್ಲ. ನೆಹರೂ ಮೈದಾನದ ಒಂದು ಮೂಲೆ ಸಾಕು, ಚಪ್ಪಲಿ ಇಟ್ಟು ಗೋಲು ಮಾಡಿ ನಾಲ್ಕು ನಾಲ್ಕು ಜನ ಆಡಿಸಿ. ಬಾಲು ಎಂಟರಿಂದ ಹನ್ನೆರಡು ವರ್ಷದವರೆಗೆ ಸೈಜ್ ನಾಲ್ಕು, ಎಂಟಕ್ಕಿಂತ ಸಣ್ಣವರಿಗೆ ಮೂರು, ಐದರ ಬಾಲು ಕೊಟ್ರೆ ಮಗು ಬರೀ ಶಕ್ತಿ ಹಾಕ್ಲಿಕ್ಕೆ ಕಲೀತದೆ. ಮರಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಬೆಂಗ್ರೆ, ಉಳ್ಳಾಲದ ಹುಡುಗರ ಕಾಲಲ್ಲಿ ಬಾಲು ಹೇಗೆ ಅಂಟಿಕೊಳ್ತದೆ ನೋಡಿ, ಅವರಿಗೆ ಯಾರೂ ಕೋನ್ ಇಟ್ಟು ಹೇಳಿಕೊಟ್ಟದ್ದಲ್ಲ. ಜೂನಿಂದ ಸೆಪ್ಟೆಂಬರ್ ತನಕ ಮೈದಾನದಲ್ಲಿ ನೀರು ನಿಂತ್ರೆ ವಾರಕ್ಕೊಂದು ಗಂಟೆ ಟರ್ಫ್ ಬುಕ್ ಮಾಡಿ, ದುಡ್ಡು ಹಂಚಿಕೊಂಡ್ರೆ ಒಬ್ಬೊಬ್ಬರಿಗೆ ಜಾಸ್ತಿ ಬೀಳುದಿಲ್ಲ.

ಟ್ರಯಲ್ಸ್ ಮಾಡುವಾಗ ಹುಟ್ಟಿದ ತಿಂಗಳು ಕೇಳಿ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಲ್ಲಿ ಹುಟ್ಟಿದವನೂ ಒಂದೇ ಗ್ರೂಪಲ್ಲಿ ಆಡ್ತಾರೆ, ಆ ವಯಸ್ಸಲ್ಲಿ ಹನ್ನೊಂದು ತಿಂಗಳು ಅಂದ್ರೆ ಎತ್ತರದಲ್ಲಿ ಎರಡು ಮೂರು ಇಂಚು ವ್ಯತ್ಯಾಸ ಇರಬಹುದು, ನಾವು ಎತ್ತರ ನೋಡಿ ಇವ ಒಳ್ಳೆ ಪ್ಲೇಯರ್ ಅಂತ ಆರಿಸ್ತೇವೆ. ಯುರೋಪಿನ ಅಕಾಡೆಮಿಗಳಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಜಾಸ್ತಿ ಸೇರ್ತಾರೆ. ಸಣ್ಣಗೆ ಇರುವ ಹುಡುಗನನ್ನ ಎರಡು ವರ್ಷ ಇಟ್ಟುಕೊಳ್ಳಿ, ಕಳಿಸಬೇಡಿ.

ಕಷ್ಟ ಬರುದು ಹತ್ತನೇ ಕ್ಲಾಸಲ್ಲಿ. ಎಸ್ಸೆಸ್ಸೆಲ್ಸಿ ಅಂತ ಜೂನಲ್ಲೇ ಆಟ ನಿಲ್ಲಿಸ್ತಾರೆ, ಆಮೇಲೆ ಪಿಯುಸಿ ಸೈನ್ಸು, ಕೋಚಿಂಗು, ಮೂರು ವರ್ಷ ಹೋದ್ರೆ ಹುಡುಗ ವಾಪಸ್ ಬರುದಿಲ್ಲ. ನಾನು ಈಗ ಮೊದಲೇ ಮನೆಗೆ ಹೋಗಿ ಅಮ್ಮನ ಹತ್ರ ಮಾತಾಡ್ತೇನೆ, ಅಮ್ಮ, ವಾರಕ್ಕೆ ಎರಡೇ ದಿನ, ಬೆಳಿಗ್ಗೆ ಆರೂವರೆಯಿಂದ ಏಳೂವರೆ, ಪರೀಕ್ಷೆ ತಿಂಗಳು ಪೂರ್ತಿ ರಜೆ ಅಂತ. ಹೆಚ್ಚಿನವರು ಒಪ್ತಾರೆ ಮಾರಾಯ್ರೆ, ಅವರಿಗೆ ಬೇಕಾದ್ದು ಒಂದು ಗ್ಯಾರಂಟಿ ಅಷ್ಟೆ.

ಇಷ್ಟೆಲ್ಲ ಮಾಡಿ ಮ್ಯಾಚಿಗೆ ಇಳಿಸದಿದ್ರೆ ಅದು ಬೆಳೆಸಿದ ಹಾಗಲ್ಲ. ಪೋಗ್ಬಾ ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿಯಲ್ಲೇ ಇದ್ದವ, ಆಡ್ಲಿಕ್ಕೆ ಚಾನ್ಸ್ ಸಾಕಷ್ಟು ಸಿಗದೆ 2012ರಲ್ಲಿ ಯುವೆಂಟಸ್‌ಗೆ ಹೋದ, ನಾಲ್ಕೇ ವರ್ಷದಲ್ಲಿ ಅವನನ್ನೇ 89 ಮಿಲಿಯನ್ ಪೌಂಡ್ ಕೊಟ್ಟು ವಾಪಸ್ ತಂದ್ರು. ಚೆಲ್ಸಿಯವರು ಹುಡುಗರನ್ನ ವರ್ಷಾನುಗಟ್ಟಲೆ ಲೋನಿಗೆ, ಅಂದ್ರೆ ಬೇರೆ ಕ್ಲಬ್ಬಲ್ಲಿ ಆಡ್ಲಿಕ್ಕೆ, ಕಳಿಸ್ತಾ ಇದ್ರು, 2019ರ ಬೇಸಿಗೆಯಲ್ಲಿ ಫಿಫಾ ಬ್ಯಾನ್‌ನಿಂದ ಹೊಸಬರನ್ನ ತರ್ಲಿಕ್ಕೆ ಆಗದೆ ಹೋದಾಗ ಮೇಸನ್ ಮೌಂಟ್, ರೀಸ್ ಜೇಮ್ಸ್, ಟ್ಯಾಮಿ ಏಬ್ರಹಾಂಗೆ ಬಾಗಿಲು ತೆರೀತು. 2021ರ ಚಾಂಪಿಯನ್ಸ್ ಲೀಗ್ ಫೈನಲಲ್ಲಿ ಇದ್ದ ಒಂದೇ ಗೋಲಿಗೆ ಪಾಸ್ ಕೊಟ್ಟದ್ದು ಆರನೇ ವಯಸ್ಸಿಂದ ಚೆಲ್ಸಿಯಲ್ಲೇ ಬೆಳೆದ ಮೌಂಟ್, ಹೊಡೆದದ್ದು ಹಿಂದಿನ ವರ್ಷ ದುಡ್ಡು ಕೊಟ್ಟು ತಂದ ಹಾವರ್ಟ್ಜ್. ನನಗೆ ತುಂಬ ಇಷ್ಟವಾದ ಗೋಲು ಅದು. ಅದೇ ಮೌಂಟ್‌ನನ್ನ 2023ರಲ್ಲಿ 55 ಮಿಲಿಯನ್ ಪೌಂಡಿಗೆ ಮಾರಿದ್ರು ಅನ್ನುದು ಬೇರೆ ನೋವು. ಅದರ ಹಿಂದೆ ಲೆಕ್ಕ ಉಂಟು: 100 ಕೋಟಿಗೆ ತಂದವನ ಬೆಲೆಯನ್ನ ಐದು ವರ್ಷದ ಕಾಂಟ್ರ್ಯಾಕ್ಟಾದ್ರೆ ವರ್ಷಕ್ಕೆ 20 ಕೋಟಿ ಅಂತ ಪುಸ್ತಕದಲ್ಲಿ ಖರ್ಚು ಹಾಕ್ತಾರೆ, ಅಕಾಡೆಮಿ ಹುಡುಗನಿಗೆ ಕೊಂಡ ಬೆಲೆಯೇ ಇಲ್ಲ, ಮಾರಿದ್ರೆ ಪೂರ್ತಿ ಲಾಭ. ಹಾಗಾಗಿ ಲೆಕ್ಕ ಬಿಗಿಯಾದಾಗ ಮೊದಲು ಕಣ್ಣು ಬೀಳುದು ಮನೆ ಹುಡುಗನ ಮೇಲೆ.

ನಮ್ಮಲ್ಲಿ ಅಂಥ ಲೆಕ್ಕ ಇಲ್ಲ, ಆದ್ರೆ ನಿಯಮ ಬೇಕು. ನಮ್ಮದು ಹೀಗೆ: ಪ್ರತಿ ಮ್ಯಾಚಿಗೆ ಹದಿನೆಂಟರ ಒಳಗಿನ ಇಬ್ಬರಾದ್ರೂ ಇಳೀಬೇಕು, ಅದೂ ಕಡೆಯ ಐದು ನಿಮಿಷಕ್ಕಲ್ಲ, ಅರ್ಧ ಮ್ಯಾಚ್ ಆದ್ರೂ ಆಡಬೇಕು. ಯಾರು ಎಷ್ಟು ನಿಮಿಷ ಆಡಿದ ಅಂತ ಅದೇ ನೋಟ್‌ಬುಕ್ಕಲ್ಲಿ ಬರೀತೇವೆ. ಸೋತ ದಿನ ಬೈಗುಳ ಬರ್ತದೆ, ಕೋಚ್ ತಡ್ಕೊಳ್ಬೇಕು.

ಹುಡುಗರನ್ನ ಎಐಎಫ್ಎಫ್ (ದೇಶದ ಫುಟ್‌ಬಾಲ್ ಫೆಡರೇಷನ್) ನಡೆಸುವ ಸಿಆರ್‌ಎಸ್ ಅನ್ನುವ ಆನ್‌ಲೈನ್ ರಿಜಿಸ್ಟ್ರೇಷನ್‌ನಲ್ಲಿ ಸರಿಯಾದ ಬರ್ತ್ ಸರ್ಟಿಫಿಕೇಟ್ ಹಾಕಿ ರಿಜಿಸ್ಟರ್ ಮಾಡಿಸಿ, ವಯಸ್ಸು ಕಡಿಮೆ ತೋರಿಸ್ಲಿಕ್ಕೆ ಹೋಗಬೇಡಿ. ದಾಖಲೆ ಇದ್ರೆ ಇನ್ನೊಂದು ಉಪಯೋಗ ಉಂಟು, ಫಿಫಾ ನಿಯಮದಲ್ಲಿ ಒಬ್ಬ ಪ್ಲೇಯರ್ ಬೇರೆ ದೇಶದ ಕ್ಲಬ್ಬಿಗೆ ದುಡ್ಡಿಗೆ ಹೋದ್ರೆ ಆ ಫೀಸಿನ ಶೇಕಡ 5, ಅವನು 12ರಿಂದ 23ರ ವಯಸ್ಸಲ್ಲಿ ಆಡಿ ಕಲಿತ ಕ್ಲಬ್ಬುಗಳಿಗೆ ಹಂಚಿಹೋಗ್ತದೆ.

ಇಷ್ಟಾಗಿಯೂ ಖಾಲಿ ಸಾಲು ಉಳಿದ್ರೆ ಗೆಸ್ಟನ್ನ ಕರೆಸಿ, ತಪ್ಪಿಲ್ಲ. ಒಬ್ಬ, ಹೆಚ್ಚಂದ್ರೆ ಇಬ್ಬರು, ಮ್ಯಾಚಿನ ದಿನ ಬೆಳಿಗ್ಗೆ ಬಸ್ಸಿಳಿದು ಬರುವವ ಬೇಡ, ಮೂರು ದಿನ ಮೊದಲೇ ಬಂದು ಮಕ್ಕಳ ಜೊತೆ ಪ್ರಾಕ್ಟೀಸ್ ಮಾಡುವವ ಬೇಕು ಅಂತ ಫೋನಲ್ಲೇ ಹೇಳಿ. ಅವ ಸೆಂಟರ್ ಬ್ಯಾಕ್ ಆಗಿದ್ರೆ ಆ ಮೂರೂ ದಿನ ನಿಮ್ಮ ಹದಿನಾರರ ಸೆಂಟರ್ ಬ್ಯಾಕ್ ಹುಡುಗನನ್ನ ಅವನ ಪಕ್ಕದಲ್ಲೇ ನಿಲ್ಲಿಸಿ.