ಗ್ಯಾಲೆಕ್ಸ್–ಗೈಯಾ ಜೋಡಣೆ: ಗೌರಿಬಿದನೂರಿನಲ್ಲಿ ಕೂತು ಮಾಡಿದ್ದು

"ಪಕ್ಕದಲ್ಲೇ ರೇಡಿಯೋ ವೀಕ್ಷಣಾಲಯ ಇಟ್ಕೊಂಡು ನಿನಗ್ಯಾಕೋ ಅಲ್ಟ್ರಾವೈಲೆಟ್?" ಅಂತ ಗೆಳೆಯರು ನಗುತ್ತಿದ್ದರು. ನನ್ನ ಕೆಲಸ, ಗ್ಯಾಲೆಕ್ಸ್ ಅನ್ನೋ ಅಲ್ಟ್ರಾವೈಲೆಟ್ ಬಾಹ್ಯಾಕಾಶ ದೂರದರ್ಶಕ ಕಂಡ ಚುಕ್ಕಿಗಳು, ನಕ್ಷತ್ರಗಳ ಸ್ಥಾನ ಅಳೆದ ಗೈಯಾ ಉಪಗ್ರಹದ ಪಟ್ಟಿಯಲ್ಲಿ ಯಾವುವು ಅಂತ ಹುಡುಕಿ ಜೋಡಿ ಮಾಡೋದು. ಹೀಗೆ ಕ್ಯಾಟಲಾಗ್ ಜೋಡಿಸೋಕೆ ಆಂಟೆನಾ ಬೇಡ. ಹಾರ್ಡ್ ಡಿಸ್ಕ್ ಬೇಕು, ಕರೆಂಟ್ ಬೇಕು.

ಕರೆಂಟೇ ಮೊದಲು ಕೈ ಕೊಟ್ಟಿತು. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪಿಗೆ ಸುಮಾರು 22 ಸಾವಿರ, ರ್‍ಯಾಮ್‌ಗೆ ಏಳೆಂಟು ಸಾವಿರ ಸುರಿದಿದ್ದೆ. ರಾತ್ರಿಯೆಲ್ಲ ಓಡಿದ ಜೋಡಣೆ ಬೆಳಗಿನ ಜಾವ ಕರೆಂಟ್ ಹೋಗಿ ನೀರುಪಾಲಾಯಿತು. ಆಮೇಲೆ ಯುಪಿಎಸ್ ಬ್ಯಾಟರಿಗೆ ಇನ್ನೊಂದು ಐದು ಸಾವಿರ. ಆಕಾಶವನ್ನು ಹೀಲ್‌ಪಿಕ್ಸ್ ವಿಧಾನದಲ್ಲಿ ಸಮ ವಿಸ್ತೀರ್ಣದ ತುಂಡು ಮಾಡಿ, ಒಂದೊಂದೇ ಮುಗಿಸಿ ಸೇವ್ ಮಾಡೋ ಬುದ್ಧಿ ಬಂದಿದ್ದೂ ಆವಾಗಲೇ.

ಸ್ವಂತ ಸ್ಕ್ರಿಪ್ಟ್‌ನಲ್ಲಿ ಕೊಸೈನ್ ಡೆಕ್ಲಿನೇಶನ್, ಅಂದರೆ ಆಕಾಶದ ಧ್ರುವದ ಕಡೆ ರೇಖಾಂಶಗಳು ಹತ್ತಿರವಾಗೋದನ್ನು ಸರಿಪಡಿಸೋ ಗುಣಕ, ಮರೆತಿದ್ದೆ. ನಗಬೇಡಿ. ಧ್ರುವದ ಕಡೆ ಹೋದಂತೆ ಜೋಡಿಗಳು ಕಮ್ಮಿಯಾದವು. ಅದಕ್ಕೆ ಧೂಳೇ ಕಾರಣ ಅಂತ ಎರಡು ವಾರ ವಾದ ಮಾಡಿದೆ. 2009ರ ಮೇ ನಂತರ ಗ್ಯಾಲೆಕ್ಸ್‌ನ ಎಫ್‌ಯುವಿ (ದೂರದ ಅಲ್ಟ್ರಾವೈಲೆಟ್ ಹಿಡಿಯೋ ಭಾಗ) ಕೆಲಸ ಮಾಡಿಲ್ಲ. ಆ ಖಾಲಿ ಜಾಗದಲ್ಲಿ 'ಅಳತೆ ಇಲ್ಲ' ಅಂತ ಹಾಕಿದ್ದ −999ನ್ನೇ ನಿಜವಾದ ಅಳತೆ ಅಂದುಕೊಂಡು ಬಣ್ಣದ ಲೆಕ್ಕದಲ್ಲಿ ಕಳೆದು, ಆಕಾಶದ ಅತಿ ನೀಲಿ ನಕ್ಷತ್ರವನ್ನೂ ಒಮ್ಮೆ ಕಂಡುಹಿಡಿದಿದ್ದೆ! ಟೈಲ್ (ಗ್ಯಾಲೆಕ್ಸ್‌ನ ಒಂದೊಂದು ಚಿತ್ರ) ಅಂಚಿನ ಕಸ, ಎರಡೆರಡು ಸಲ ಎಣಿಕೆಯಾದ ಚುಕ್ಕಿಗಳು, ಇವೆಲ್ಲ ಬೇರೆ.

ನಿಜವಾದ ತಲೆನೋವು ತ್ರಿಜ್ಯ, ಅಂದರೆ ಒಂದು ಚುಕ್ಕಿಯ ಸುತ್ತ ಎಷ್ಟು ದೂರದವರೆಗೆ ಜೋಡಿ ಹುಡುಕಬೇಕು ಅನ್ನೋದು. ಎಲ್ಲರೂ 3 ಆರ್ಕ್‌ಸೆಕೆಂಡ್ ಅಂದರು (ಒಂದು ಡಿಗ್ರಿಯಲ್ಲಿ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟಲ್ಲಿ 60 ಆರ್ಕ್‌ಸೆಕೆಂಡ್). ನಾನು ಗೈಯಾ ಪಟ್ಟಿಯನ್ನೇ ಒಂದು ಆರ್ಕ್‌ಮಿನಿಟ್ ಸರಿಸಿ ಮತ್ತೆ ಜೋಡಿಸಿದೆ. ಆಗ ಸಿಗೋದೆಲ್ಲ ಸುಳ್ಳು ಜೋಡಿ, ಅಲ್ವಾ? ನಾಲ್ಕು ದಿಕ್ಕಿಗೂ ಸರಿಸಿ ಸರಾಸರಿ ತೆಗೆದರೆ, ಹಾಲುಹಾದಿಯ ಪಟ್ಟೆಯಿಂದ ದೂರ, ಅದರ ಧ್ರುವದ ಕಡೆ ನೂರಕ್ಕೆ ಒಂದು ಸುಳ್ಳು, ಹಾಲುಹಾದಿಗೆ ಹತ್ತಿರವಾದಂತೆ ಐದಾರು. 5 ಆರ್ಕ್‌ಸೆಕೆಂಡಿಗೆ ಹಿಗ್ಗಿಸಿದರೆ ಅದು ಹದಿನೈದರ ಹತ್ತಿರ ಹೋಯಿತು.

ಹಾಗಂತ 3ಕ್ಕೇ ನಿಂತರೆ ನನಗೆ ಬೇಕಾದ ಬಿಳಿ ಕುಬ್ಜಗಳೇ (ಇಂಧನ ಮುಗಿದ ನಕ್ಷತ್ರಗಳ ಉಳಿದ ತಿರುಳು) ತಪ್ಪಿಸಿಕೊಳ್ಳುತ್ತಿದ್ದವು. ನಮಗೆ ಹತ್ತಿರದವು ಆಕಾಶದಲ್ಲಿ ವರ್ಷದಿಂದ ವರ್ಷಕ್ಕೆ ಜೋರಾಗಿ ಸರಿಯುತ್ತವೆ. ಗೈಯಾದ ಮೂರನೇ ಪಟ್ಟಿ ಡಿಆರ್3ರ ಸ್ಥಾನಗಳು 2016ರವು. ಗ್ಯಾಲೆಕ್ಸ್ ನೋಡಿದ್ದು 2003ರಿಂದ 2013ರೊಳಗೆ. ವರ್ಷಕ್ಕೆ ಅರ್ಧ ಆರ್ಕ್‌ಸೆಕೆಂಡ್ ಸರಿಯುವ ಒಂದು ನಕ್ಷತ್ರ, 2006ರ ಟೈಲ್‌ನಲ್ಲಿ ಹೆಚ್ಚುಕಮ್ಮಿ 5 ಆರ್ಕ್‌ಸೆಕೆಂಡ್ ಆಚೆ ಇತ್ತು. ಅದರ ಅಲ್ಟ್ರಾವೈಲೆಟ್ ಬೆಳಕು ಪಕ್ಕದ ಮಂಕು ಚುಕ್ಕಿಗೆ ಅಂಟಿಕೊಂಡು, ಆ ಚುಕ್ಕಿ ಭಾರೀ ವಿಚಿತ್ರ ವಸ್ತುವಿನ ಹಾಗೆ ಕಂಡಿತು. ಮೂರು ದಿನ ಕುಣಿದಾಡಿದೆ. ನಾಲ್ಕನೇ ದಿನ ಚಿತ್ರ ತೆರೆದು ನೋಡಿ ತೆಪ್ಪಗಾದೆ.

ಈಗ ಪ್ರತಿ ಟೈಲ್‌ನ ದಿನಾಂಕಕ್ಕೆ ಗೈಯಾ ಸ್ಥಾನಗಳನ್ನು ಹಿಂದಕ್ಕೆ ಓಡಿಸಿ, ಆಮೇಲಷ್ಟೇ ಜೋಡಿಸುತ್ತೇನೆ. ವೃತ್ತದೊಳಗೆ ಎರಡು ನಕ್ಷತ್ರ ಬಿದ್ದರೆ ಬಣ್ಣ ನೋಡಿ, ಯಾವುದು ನಿಜವಾದ ಜೋಡಿ ಆಗಿರಬಹುದು ಅಂತ ತೂಕ ಕೊಡುತ್ತೇನೆ. ಎಷ್ಟು ತೂಕ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಸುಮ್ನೆ ನಮ್ಮ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಅಲ್ಟ್ರಾವೈಲೆಟ್ ದೂರದರ್ಶಕ ಯುವಿಐಟಿಯ ಚಿತ್ರವೊಂದನ್ನೂ ಎಳೆದುಕೊಂಡೆ. ಗ್ಯಾಲೆಕ್ಸ್‌ನಲ್ಲಿ ಐದು ಆರ್ಕ್‌ಸೆಕೆಂಡ್ ಹರಡಿಕೊಳ್ಳೋದು ಇಲ್ಲಿ ಒಂದೂವರೆಗೆ ಬರುತ್ತೆ. ಒಂದೇ ಅಂದುಕೊಂಡ ಕೆಲವು ಚುಕ್ಕಿಗಳು ಎರಡಾಗಿ ಒಡೆದವು. ನೋಟದ ಹರವು ಮಾತ್ರ ಅರ್ಧ ಡಿಗ್ರಿಗೂ ಕಮ್ಮಿ, ಎಣಿಕೆಗೆ ಸಾಲದು.

ಜಾಸ್ತಿ ನಕ್ಕಿದ್ದ ಗೆಳೆಯ ಒಂದು ಪರೀಕ್ಷೆ ಇಟ್ಟ. ಸ್ಪೆಕ್ಟ್ರಮ್‌ನಲ್ಲಿ ಖಾತ್ರಿಯಾದ ಇನ್ನೂರು ಚಿಲ್ಲರೆ ಬಿಸಿ ಬಿಳಿ ಕುಬ್ಜಗಳ ಪಟ್ಟಿ ಅವನ ಬಳಿ ಇತ್ತು. ಹಳೇ ದಾರಿಯಲ್ಲಿ ನೂರೆಪ್ಪತ್ತು ಸಿಕ್ಕಿದ್ದವು, ನನ್ನದರಲ್ಲಿ ನೂರತೊಂಬತ್ತು ದಾಟಿತು. ಮೊನ್ನೆ ಫೋನ್ ಮಾಡಿ ಸ್ಕ್ರಿಪ್ಟ್ ಕೇಳಿದ. ದಿನಾಂಕದ ಭಾಗ ಕಳಿಸಿದ್ದೇನೆ. ತೂಕದ ಭಾಗ ಕಳಿಸಿಲ್ಲ.