‘ರನ್’ ಕ್ರಿಯಾಪದವನ್ನು ನಾನು ಪಳಗಿಸಿಕೊಂಡ ಬಗೆ

ಇಂಗ್ಲಿಷಿನಿಂದ ಕನ್ನಡಕ್ಕೆ ಸುದ್ದಿ, ಆರೋಗ್ಯದ ಕರಪತ್ರ, ಯಂತ್ರಗಳ ಕೈಪಿಡಿಗಳನ್ನು ಅನುವಾದಿಸುವುದು ನನ್ನ ಕಸುಬು. ಈ ಕೆಲಸದಲ್ಲಿ ಕಷ್ಟ ಕೊಡುವುದು ದೊಡ್ಡ ಪದಗಳಲ್ಲ. ‘ಫೋಟೊಸಿಂಥೆಸಿಸ್’ ಎಂದರೆ ದ್ಯುತಿಸಂಶ್ಲೇಷಣೆ ಎಂದು ಒಮ್ಮೆ ತಿಳಿದರೆ ಸಾಕು, ಅದು ಎಲ್ಲಿ ಬಂದರೂ ಅದೇ. ಆದರೆ ಇಂಗ್ಲಿಷಿನಲ್ಲಿ ಮೂರೇ ಅಕ್ಷರಗಳ ‘ರನ್’, ‘ಸೆಟ್’, ‘ಪುಟ್’ ಪುಟಪುಟಕ್ಕೂ ವೇಷ ಬದಲಿಸುತ್ತವೆ. ಅವುಗಳಲ್ಲಿ ನಾನು ಅತಿ ಹೆಚ್ಚು ಕಾಲ ಸೆಣಸಿದ್ದು ‘ರನ್’ ಜೊತೆ.

ಈ ಪದ ಎಷ್ಟು ದೊಡ್ಡದೆಂದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರಿಗೆ ಚೆನ್ನಾಗಿ ಗೊತ್ತು. 1989ರ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ಉದ್ದದ ನಮೂದು ‘ಸೆಟ್’ ಆಗಿತ್ತು; ಅದರ ಕ್ರಿಯಾಪದ ರೂಪಕ್ಕೇ ಸುಮಾರು 430 ಅರ್ಥಗಳಿದ್ದವು. ಮುಂದೆ ಪರಿಷ್ಕರಣೆ ನಡೆದಾಗ ‘ರನ್’ ಅದನ್ನು ಹಿಂದಿಕ್ಕಿತು. ಕ್ರಿಯಾಪದವೊಂದಕ್ಕೇ 645 ಅರ್ಥಗಳು ಎಂದು 2011ರಲ್ಲಿ ಸುದ್ದಿಯಾಯಿತು. ಆ ನಮೂದನ್ನು ಸಿದ್ಧಪಡಿಸಿದ ಪೀಟರ್ ಗಿಲಿವರ್ ಅವರಿಗೆ ಅದಕ್ಕೆ ಒಂಬತ್ತು ತಿಂಗಳು ಹಿಡಿದಿತ್ತು. ಮನುಷ್ಯರು, ಪ್ರಾಣಿಗಳು, ನೀರು ಇವಿಷ್ಟಕ್ಕೆ ಬಳಕೆಯಲ್ಲಿದ್ದ ಮಾತು ಗಡಿಯಾರಕ್ಕೆ, ರೈಲಿಗೆ, ಕಾರ್ಖಾನೆಗೆ, ಕೊನೆಗೆ ಕಂಪ್ಯೂಟರಿಗೆ ಹಬ್ಬಿದರೆ ಅರ್ಥಗಳು ಬೆಳೆಯದೆ ಇರುತ್ತವೆಯೇ?

ಇಷ್ಟೊಂದು ಅರ್ಥಗಳನ್ನು ಬಾಯಿಪಾಠ ಮಾಡುವ ಹಾದಿ ನನ್ನದಲ್ಲ. ಓದುವಾಗ ಸಿಕ್ಕ ‘ರನ್’ ವಾಕ್ಯಗಳನ್ನೆಲ್ಲ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ಅವುಗಳನ್ನು ಅರ್ಥದ ಮೇಲೆ ಜೋಡಿಸದೆ, ‘ರನ್’ ಆಗುತ್ತಿರುವುದು ಏನು ಎಂಬುದರ ಮೇಲೆ ಜೋಡಿಸಿದೆ: ದೇಹ, ನೀರು, ಯಂತ್ರ, ಸಂಸ್ಥೆ, ರಸ್ತೆ, ಹಣ. ಆಮೇಲೆ ನಿಘಂಟನ್ನು ಮುಚ್ಚಿಟ್ಟು, ಇದೇ ಸಂಗತಿಯನ್ನು ಇಂಗ್ಲಿಷ್ ಬಾರದ ನಮ್ಮ ಮನೆಯವರು ಹೇಗೆ ಹೇಳುತ್ತಾರೆ ಎಂದು ಕೇಳಿಕೊಂಡೆ. ಕನ್ನಡದ ಕ್ರಿಯಾಪದ ತಾನಾಗಿ ಬಂತು.

ಆರೋಗ್ಯದ ಕರಪತ್ರಗಳಲ್ಲಿ ಇದರ ಪ್ರಯೋಜನ ಬಹಳ. ಮೂಗು ‘ರನ್’ ಆದರೆ ಕನ್ನಡದಲ್ಲಿ ಸೋರುತ್ತದೆ. ಮಗು ಜ್ವರವನ್ನು ‘ರನ್’ ಮಾಡುತ್ತಿದ್ದರೆ ಅದಕ್ಕೆ ಜ್ವರ ಬಂದಿದೆ ಎಂದಷ್ಟೇ. ಸಕ್ಕರೆ ಕಾಯಿಲೆ ಕುಟುಂಬದಲ್ಲಿ ‘ರನ್’ ಆಗುತ್ತದೆ ಎಂಬಲ್ಲಿ ‘ಆನುವಂಶಿಕ’ ಎಂದು ಬರೆಯುವವರಿದ್ದಾರೆ, ನಾನು ‘ಮನೆತನದಲ್ಲೇ ಇದೆ’ ಎಂದು ಬರೆಯುತ್ತೇನೆ. ಆಶಾ ಕಾರ್ಯಕರ್ತೆ ಆ ಕರಪತ್ರವನ್ನು ಜಗಲಿಯಲ್ಲಿ ಕೂತು ಓದಿ ಹೇಳಬೇಕಾದಾಗ ಎರಡನೆಯದೇ ಕಿವಿಗೆ ಮುಟ್ಟುತ್ತದೆ. ಇದರ ಬಗ್ಗೆ ನನಗೆ ಸಂದೇಹವಿಲ್ಲ.

ಚುನಾವಣೆಯ ವಿಷಯ ನನಗೆ ತುಂಬ ಇಷ್ಟವಾದದ್ದು. ಅಮೆರಿಕದವರು ಅಧ್ಯಕ್ಷ ಪದವಿಗೆ ‘ರನ್’ ಮಾಡುತ್ತಾರೆ, ಅಂದರೆ ಓಡುತ್ತಾರೆ. ಬ್ರಿಟನ್ನಿನಲ್ಲಿ ಅದೇ ಕೆಲಸಕ್ಕೆ ‘ಸ್ಟ್ಯಾಂಡ್’ ಎನ್ನುವುದು ರೂಢಿ. ನಾವೂ ಚುನಾವಣೆಗೆ ನಿಲ್ಲುತ್ತೇವೆ. ಪತ್ರಿಕೆಗಳಲ್ಲಿ ‘ಸ್ಪರ್ಧಿಸು’ ನೆಲೆಯೂರಿದ್ದರೂ ಹಳ್ಳಿಯ ಕಟ್ಟೆಯಲ್ಲಿ ಕೇಳುವ ಪ್ರಶ್ನೆ ‘ಈ ಸಲ ಯಾರು ನಿಂತಿದ್ದಾರೆ?’ ಎಂದೇ. ಓಡುವುದಕ್ಕೂ ನಿಲ್ಲುವುದಕ್ಕೂ ಒಂದೇ ಅರ್ಥ ಬರುವ ಇಂಥ ಜಾಗದಲ್ಲಿ, ಪದವನ್ನು ಒಂಟಿಯಾಗಿ ನೋಡುವ ಅಭ್ಯಾಸವನ್ನು ಬಿಡಲೇಬೇಕಾಗುತ್ತದೆ.

ಸಮಾನಾರ್ಥಕ ಪದಗಳನ್ನು ನಾನು ಬಳಸುವುದು ಒರೆಗಲ್ಲಿನಂತೆ. ವಾಕ್ಯದಿಂದ ‘ರನ್’ ತೆಗೆದು ಆ ಜಾಗದಲ್ಲಿ ‘ಫ್ಲೋ’, ‘ಆಪರೇಟ್’, ‘ಮ್ಯಾನೇಜ್’, ‘ಎಕ್ಸ್‌ಟೆಂಡ್’, ‘ಪಬ್ಲಿಷ್’ ಒಂದೊಂದಾಗಿ ಇಟ್ಟು ನೋಡುತ್ತೇನೆ. ಯಾವುದು ಕೂತುಕೊಳ್ಳುತ್ತದೋ ಆ ದಿಕ್ಕಿನಲ್ಲಿ ಕನ್ನಡ ಹುಡುಕುತ್ತೇನೆ. ಈ ಕೆಲಸಕ್ಕೆ ಅಕಾರಾದಿ ನಿಘಂಟಿಗಿಂತ, ಪದಗಳನ್ನು ಭಾವದ ಪ್ರಕಾರ ಗುಂಪು ಮಾಡುವ ಕೋಶ ಹೆಚ್ಚು ನೆರವಾಗುತ್ತದೆ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಇಂಗ್ಲಿಷಿಗೆ ಅಂಥದೊಂದನ್ನು ಕೊಟ್ಟರು. ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ನಮ್ಮ ಅಮರಕೋಶ ಪದಗಳನ್ನು ವಿಷಯವಾರು ವರ್ಗಗಳಾಗಿ ಜೋಡಿಸಿ, ಒಂದೇ ಪದದ ಹಲವು ಅರ್ಥಗಳಿಗೆಂದು ‘ನಾನಾರ್ಥ ವರ್ಗ’ವನ್ನು ಬೇರೆಯಾಗಿಯೇ ಇಟ್ಟಿತ್ತು.

ಆದರೂ ಸಮಾನಾರ್ಥಕಗಳು ಪೂರ್ತಿ ಸಮಾನವಲ್ಲ. ಒಬ್ಬರು ಹೋಟೆಲನ್ನು ‘ರನ್’ ಮಾಡುತ್ತಾರೆ ಎಂದರೆ ಮಾಲೀಕರೋ ನೌಕರರೋ ಇಂಗ್ಲಿಷ್ ಹೇಳುವುದಿಲ್ಲ. ಕನ್ನಡದಲ್ಲಿ ‘ಹೋಟೆಲ್ ನಡೆಸುತ್ತಾರೆ’ ಎಂದರೆ ಬಂಡವಾಳ ಅವರದೇ ಎಂದು ತೋರುತ್ತದೆ. ‘ಹೋಟೆಲ್ ನೋಡಿಕೊಳ್ಳುತ್ತಾರೆ’ ಎಂದರೆ ಯಜಮಾನರು ಬೇರೆ. ಇಂಥ ಕಡೆ ವಾಕ್ಯವೊಂದರಿಂದ ತೀರ್ಮಾನವಾಗುವುದಿಲ್ಲ, ಮೂಲದಲ್ಲಿ ಹಿಂದುಮುಂದಿನ ಪ್ಯಾರಾ ಓದಿ ಆರಿಸುತ್ತೇನೆ.

ನೋಟ್‌ಬುಕ್ ತುಂಬುತ್ತ ಬಂದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ‘ರನ್’ಗೆ ಕನ್ನಡದಲ್ಲಿ ಹತ್ತಿರದ ನೆಂಟ ‘ಓಡು’ ಅಲ್ಲ, ‘ಹರಿ’. ಹೊಳೆ ಹರಿಯುತ್ತದೆ, ವಿದ್ಯುತ್ ಹರಿಯುತ್ತದೆ. ಪತ್ರದ ಮೇಲೆ ಕಣ್ಣು ಹರಿಸುತ್ತೇವೆ. ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂಬ ತಲೆಬರಹವನ್ನು ಎಷ್ಟು ಸಲ ಓದಿಲ್ಲ? ಇಂಗ್ಲಿಷ್ ವರದಿಯಲ್ಲಿ ಅಲ್ಲಿರುವುದು ‘ರನ್ ಓವರ್’. ಹಳಗನ್ನಡದ ‘ಪರಿ’ಗೆ ಹರಿಯುವುದು, ಓಡುವುದು ಎರಡೂ ಅರ್ಥಗಳಿದ್ದವು, ಇಂಗ್ಲಿಷಿನ ‘ರನ್’ ಕೂಡ ತನ್ನ ಹಳೆಯ ರೂಪಗಳಲ್ಲಿ ನೀರಿನ ಹರಿವನ್ನೂ ಕಾಲಿನ ಓಟವನ್ನೂ ಹೇಳುತ್ತಿತ್ತು. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದದ್ದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಈಗ ತಡವರಿಸಿದಾಗಲೆಲ್ಲ ಮೊದಲು ‘ಹರಿ’ಯನ್ನು ಇಟ್ಟು ನೋಡುತ್ತೇನೆ, ‘ಓಡು’ ಆಮೇಲೆ. ‘ಓಡು’ಗೂ ಅದರದೇ ಜಾಗಗಳಿವೆ: ಸಿನಿಮಾ ನೂರು ದಿನ ಓಡುತ್ತದೆ, ಕೈಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆ.

‘ರನ್’ ಬರುವ ಉಳಿದ ಜಾಗಗಳು ಬೇಗ ಹೇಳಿ ಮುಗಿಯುವಂಥವು. ಹತ್ತಿ ಸೀರೆ ತೊಳೆದಾಗ ಬಣ್ಣ ಬಿಡುತ್ತದೆ. ಬೇಲಿ ರಸ್ತೆಯುದ್ದಕ್ಕೂ ಇರುತ್ತದೆ, ಅಲ್ಲಿ ಕ್ರಿಯಾಪದದ ಚಲನೆಯನ್ನೇ ಕೈಬಿಡಬೇಕು. ಪತ್ರಿಕೆ ಲೇಖನ ಪ್ರಕಟಿಸುತ್ತದೆ. ‘ಔಟ್’, ‘ಇಂಟು’, ‘ಡೌನ್’ ಬಾಲಗಳು ಅಂಟಿದರೆ ನಾನು ಅದನ್ನು ಬೇರೆಯೇ ಪದವೆಂದು ಎಣಿಸಿ ಬೇರೆ ಪುಟದಲ್ಲಿ ಬರೆಯುತ್ತೇನೆ: ಅಕ್ಕಿ ‘ರನ್ ಔಟ್’ ಆದರೆ ಮುಗಿದುಹೋಗಿದೆ, ಬ್ಯಾಟರ್ ‘ರನ್ ಔಟ್’ ಆದರೆ ರನ್ ಔಟ್ ಆಗಿಯೇ ಉಳಿಯುತ್ತಾರೆ. ಬ್ಯಾಂಕಿನ ಮೇಲಿನ ‘ರನ್’ಗೆ ಒಂದೇ ಪದ ಹುಡುಕುವುದು ವ್ಯರ್ಥ. ‘ಠೇವಣಿದಾರರು ಹಣ ವಾಪಸ್ ಪಡೆಯಲು ಬ್ಯಾಂಕಿಗೆ ಮುಗಿಬಿದ್ದರು’ ಎಂದು ಬಿಡಿಸಿ ಬರೆದರೆ ಓದುಗರಿಗೆ ಆ ಗಾಬರಿಯೂ ಸಿಗುತ್ತದೆ.

ಕಂಪ್ಯೂಟರ್ ಕೈಪಿಡಿಗಳಲ್ಲಿ ಮಾತ್ರ ನನ್ನದು ಹಲವು ಸಂಪಾದಕರಿಗೆ ಒಪ್ಪಿಗೆಯಾಗದ ನಿಲುವು. ನಾನು ‘ರನ್ ಮಾಡಿ’ ಎಂದೇ ಬರೆಯುತ್ತೇನೆ, ಅವರು ‘ಚಲಾಯಿಸಿ’ ಎಂದು ತಿದ್ದುತ್ತಾರೆ. ವಾಹನ, ನೋಟು, ಮತ, ಅಧಿಕಾರ ಎಲ್ಲವನ್ನೂ ಈಗಾಗಲೇ ಚಲಾಯಿಸುತ್ತಿದ್ದೇವೆ. ಪ್ರೋಗ್ರಾಂ ಬರೆಯುವ ಕನ್ನಡದ ಹುಡುಗಿಯರು, ಹುಡುಗರು ತಮ್ಮತಮ್ಮಲ್ಲಿ ಆಡುವುದು ‘ರನ್ ಮಾಡು’ ಎಂದು. ಹಾಗಾಗಿ ‘ರನ್ ಮಾಡಿ’ ಎಂದೇ ಉಳಿಸಿ, ಪಕ್ಕದಲ್ಲಿ ಕಾರಣವನ್ನೂ ಟಿಪ್ಪಣಿ ಹಾಕಿ ಕಳಿಸುತ್ತೇನೆ.